ಸ್ಟ್ರೈಟನಿಂಗ್ ಬಿಟ್ಟ ಮೇಲೆ ಗುಂಗುರು ಕೂದಲಿನ ಆರೈಕೆ: ಕ್ರಮ ಹೇಗಿರಬೇಕು?

ಸುರುಳಿಎಳೆ

ಸ್ಟ್ರೈಟನಿಂಗ್ ಕ್ರೀಮು, ಸ್ಮೂದನಿಂಗ್, ಬಣ್ಣ ಎಲ್ಲವನ್ನೂ ಬಿಟ್ಟು ಹುಟ್ಟು ಗುಂಗುರಿಗೆ ಮರಳುವವರ ಪ್ರಶ್ನೆಗಳು ಇಲ್ಲಿ ಹತ್ತು ಕಡೆ ಚದುರಿವೆ. ಒಂದೇ ಕಡೆ ಉತ್ತರ ಸಿಗಲಿ ಎಂದು ಈ ಚರ್ಚೆ ತೆರೆದಿದ್ದೇನೆ. ಇಲ್ಲಿ 'ಕೆಮಿಕಲ್ ಇಲ್ಲದ ಕೂದಲು' ಎಂದರೆ ಒಳಗಿನ ಬಂಧಗಳನ್ನು ಮುರಿದು ಆಕಾರ ಬದಲಿಸದ ಕೂದಲು. ಶಾಂಪೂ, ಕಂಡೀಷನರ್ ಮುಟ್ಟಬಾರದು ಎಂದಲ್ಲ.

ಗುಂಗುರಿಗೆ ಬೇರೆ ಆರೈಕೆ ಬೇಕಾಗಲು ಎರಡು ಕಾರಣ. ನೆತ್ತಿಯಲ್ಲಿ ಒಸರುವ ಎಣ್ಣೆ ನೇರ ಕೂದಲಲ್ಲಿ ಸಲೀಸಾಗಿ ತುದಿಗೆ ಇಳಿಯುತ್ತದೆ, ಸುರುಳಿಯಲ್ಲಿ ಇಳಿಯುವುದಿಲ್ಲ. ಹಾಗಾಗಿ ಬುಡ ಜಿಡ್ಡು, ತುದಿ ಒಣಕಲು. ಎರಡನೆಯದು, ಎಳೆ ತಿರುಗುವ ಪ್ರತಿ ಜಾಗದಲ್ಲೂ ಹೊರಪದರ ಸ್ವಲ್ಪ ಎದ್ದಿರುತ್ತದೆ, ಎಳೆದರೆ ಅಲ್ಲೇ ತುಂಡಾಗುತ್ತದೆ. ಕೆಳಗೆ ಹೇಳುವುದೆಲ್ಲ ಈ ಎರಡರಿಂದಲೇ ಹುಟ್ಟಿದ್ದು.

ತಲೆಸ್ನಾನದ ದಿನವೇ ಇಡೀ ಕ್ರಮದ ನಡುಗಂಬ. ಕೂದಲನ್ನು ನಾಲ್ಕರಿಂದ ಆರು ಭಾಗ ಮಾಡಿ ಕ್ಲಿಪ್ ಹಾಕಿ. ಬಿಗಿ ಸುರುಳಿ, ದಟ್ಟ ಕೂದಲಾದರೆ ಎಂಟು. ಎರಡು ಮೂರು ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಬುಡದವರೆಗೂ ತೋಯಿಸಿ. ಬಿಗಿ ಸುರುಳಿ ಮೇಲೆ ಒದ್ದೆ ಕಂಡರೂ ಒಳಗೆ ಒಣಗಿರುತ್ತದೆ, ಬೆರಳು ಹಾಕಿ ನೋಡಿ. ಒಂದೆರಡು ಟೀ ಚಮಚ ಶಾಂಪೂವನ್ನು ಅಷ್ಟೇ ನೀರಲ್ಲಿ ಕಲಸಿ, ನೆತ್ತಿಗೆ ಮಾತ್ರ ಹಚ್ಚಿ, ಉಗುರಲ್ಲ, ಬೆರಳ ತುದಿಯಿಂದ ಒಂದೆರಡು ನಿಮಿಷ ಉಜ್ಜಿ. ತೊಳೆಯುವಾಗ ಇಳಿಯುವ ನೊರೆಯೇ ಉದ್ದಕ್ಕೆ ಸಾಕು. ಕೂದಲನ್ನು ತಲೆಯ ಮೇಲೆ ಗುಡ್ಡೆ ಹಾಕಿ ಉಜ್ಜಿದರೆ ಆಮೇಲೆ ಅರ್ಧ ಗಂಟೆ ಸಿಕ್ಕು ಬಿಡಿಸುವ ಕೆಲಸ.

ಆಮೇಲೆ ಕಂಡೀಷನರ್. ಭುಜದುದ್ದದ ಕೂದಲಿಗೆ ಎರಡು ಮೂರು ದೊಡ್ಡ ಚಮಚ, ಅಂದರೆ 30ರಿಂದ 45 ಮಿ.ಲೀ. ಬಹುಪಾಲು ಜನ ಇಲ್ಲೇ ಜಿಪುಣತನ ಮಾಡುತ್ತಾರೆ. ಕಂಡೀಷನರ್ ಹಚ್ಚಿರುವಾಗಲೇ ಸಿಕ್ಕು ಬಿಡಿಸಿ, ಐದು ನಿಮಿಷ ಬಿಟ್ಟು ತೊಳೆಯಿರಿ. ನೀರು ತೊಟ್ಟಿಕ್ಕುತ್ತಿರುವಾಗಲೇ ಭಾಗಕ್ಕೆ ಅರ್ಧ ಟೀ ಚಮಚದಷ್ಟು ಲೀವ್-ಇನ್ ಕ್ರೀಮು (ಹಚ್ಚಿ ತೊಳೆಯದೆ ಬಿಡುವಂಥದ್ದು), ಅದರ ಮೇಲೆ ಜೆಲ್. ಟರ್ಕಿ ಟವೆಲಿನ ಕುಣಿಕೆಗಳಿಗೆ ಸುರುಳಿ ಸಿಕ್ಕಿಹಾಕಿಕೊಳ್ಳುತ್ತದೆ, ಅದರ ಬದಲು ಹಳೆಯ ಹತ್ತಿ ಟೀಶರ್ಟಿನಲ್ಲಿ ಕೆಳಗಿನಿಂದ ಮೇಲಕ್ಕೆ ಹಿಂಡಿ, ಪೂರ್ತಿ ಒಣಗುವ ತನಕ ಕೈ ಹಾಕಬೇಡಿ. ಅರೆ ಒಣಗಿದಾಗ ಮುಟ್ಟಿದರೆ ಗುಂಪು ಕಟ್ಟಿದ ಸುರುಳಿ ಒಡೆದು ಕೆದರುತ್ತದೆ. ಒಣಗಿದ ಮೇಲೆ ಜೆಲ್ ಗಟ್ಟಿಯಾಗಿರುತ್ತದೆ. ಅಂಗೈಗೆ ಎರಡು ಹನಿ ಎಣ್ಣೆ ಸವರಿಕೊಂಡು ಹಿಂಡಿದರೆ ಮೆತ್ತಗಾಗುತ್ತದೆ.

ಇದು ಚೌಕಟ್ಟು. ತಪ್ಪು, ಬಿಟ್ಟುಹೋದದ್ದು ಇದ್ದರೆ ಸೇರಿಸಿ.

ನೆತ್ತಿಮೊದಲು

ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಬಿಟ್ಟಿದ್ದೀರಿ, ಅದೇ ಮುಖ್ಯ. ಅಲೆ ಕೂದಲಿಗೆ ಮೂರು ನಾಲ್ಕು ದಿನಕ್ಕೊಮ್ಮೆ, ಬಿಗಿ ಸುರುಳಿಗೆ ವಾರಕ್ಕೊಮ್ಮೆ. ಬೆವರು ಹೆಚ್ಚಿದ್ದರೆ, ಹೊಟ್ಟಿದ್ದರೆ ಇನ್ನೂ ಬೇಗ. 'ಗುಂಗುರು ಕೂದಲನ್ನು ತೊಳೆದಷ್ಟೂ ಹಾಳು' ಎಂಬ ಮಾತು ನಂಬಿ ಮೂರು ವಾರ ನೀರು ಮುಟ್ಟಿಸದವರ ನೆತ್ತಿ ಕೆರೆಯುತ್ತದೆ, ಚಕ್ಕೆ ಏಳುತ್ತದೆ. ಆಗ ಅದನ್ನು ಒಣಚರ್ಮ ಎಂದುಕೊಂಡು ಎಣ್ಣೆ ಸುರಿಯುತ್ತಾರೆ. ಅಲ್ಲಿಗೆ ಬೆಂಕಿಗೆ ತುಪ್ಪ ಹೊಯ್ದಂತಾಯಿತು.

ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಯೀಸ್ಟ್ ಎಲ್ಲರ ನೆತ್ತಿಯಲ್ಲೂ ಇರುತ್ತದೆ, ಕೊಬ್ಬಿನಾಮ್ಲಗಳನ್ನು ತಿಂದು ಬದುಕುತ್ತದೆ. ನಾವು ಹಚ್ಚುವ ಹೆಚ್ಚಿನ ಸಸ್ಯದೆಣ್ಣೆಗಳಲ್ಲಿ ಅದಕ್ಕೆ ಬೇಕಾದದ್ದೇ ಇದೆ. ಚಕ್ಕೆ ಹಳದಿ ಛಾಯೆಯದಾಗಿ, ಜಿಡ್ಡಾಗಿ, ಹುಬ್ಬಿನ ಬಳಿ ಅಥವಾ ಕಿವಿಯ ಹಿಂದೆಯೂ ಇದ್ದರೆ ನೆತ್ತಿಗೆ ಎಣ್ಣೆ ನಿಲ್ಲಿಸಿ. ಯೀಸ್ಟ್ ತಗ್ಗಿಸುವ ಕೀಟೊಕೊನಜೋಲ್ ಇರುವ ಶಾಂಪೂವನ್ನು ವಾರಕ್ಕೆರಡು ಸಲ, ಎರಡರಿಂದ ನಾಲ್ಕು ವಾರ ಬಳಸಿ. ಹಚ್ಚಿದ ತಕ್ಷಣ ತೊಳೆದರೆ ಪ್ರಯೋಜನವಿಲ್ಲ, ಮೂರರಿಂದ ಐದು ನಿಮಿಷ ನೆತ್ತಿಯ ಮೇಲಿರಬೇಕು. ಅದು ಎಳೆಯನ್ನು ಒಣಗಿಸುತ್ತದೆ, ಆದ್ದರಿಂದ ಉದ್ದಕ್ಕೆ ಮೊದಲೇ ಕಂಡೀಷನರ್ ಸವರಿ ಕಾಪಾಡಿಕೊಳ್ಳಿ.

ಅಗಲಹಲ್ಲು

ಸಿಕ್ಕು ಬಿಡಿಸುವುದನ್ನು ಒಂದು ಸಾಲಿನಲ್ಲಿ ಮುಗಿಸಿಬಿಟ್ಟಿರಿ. ಗುಂಗುರು ಉದ್ದ ಬರುವುದಿಲ್ಲ ಎನ್ನುವವರಲ್ಲಿ ಹೆಚ್ಚಿನವರ ಕೂದಲು ಬೆಳೆಯುತ್ತಲೇ ಇರುತ್ತದೆ, ಬಾಚುವಾಗ ತುದಿಯಲ್ಲಿ ತುಂಡಾಗುತ್ತಿರುತ್ತದೆ.

ಒಣ ಗುಂಗುರಿಗೆ ಬಾಚಣಿಗೆ ಹಾಕಬೇಡಿ. ಬರೀ ನೀರಲ್ಲಿ ನೆಂದ ಕೂದಲೂ ಸುಲಭವಾಗಿ ಹಿಗ್ಗಿ ಹರಿಯುತ್ತದೆ, ಕಂಡೀಷನರಿನ ಜಾರಿಕೆ ಇರಲೇಬೇಕು. ಒಂದು ಭಾಗ ಮಾತ್ರ ಬಿಚ್ಚಿ, ಮೊದಲು ಬೆರಳು. ಸಿಕ್ಕನ್ನು ಕೆಳಕ್ಕೆ ಜಗ್ಗದೆ ಅಡ್ಡಕ್ಕೆ ಬಿಡಿಸಿ. ಆಮೇಲೆ ಅಗಲ ಹಲ್ಲಿನ ಬಾಚಣಿಗೆಯನ್ನು ತುದಿಯಿಂದ ಎರಡು ಮೂರು ಸೆಂ.ಮೀ. ಮೇಲೆ ಹಾಕಿ ಕೆಳಗಿಳಿಸಿ, ಅದು ಸಲೀಸಾದ ಮೇಲೆ ಇನ್ನೆರಡು ಸೆಂ.ಮೀ. ಮೇಲಿನಿಂದ. ಹೀಗೆ ಬುಡ ಮುಟ್ಟಬೇಕು. ಬಾಚುವ ಜಾಗಕ್ಕಿಂತ ಮೇಲೆ ಇನ್ನೊಂದು ಕೈಯಲ್ಲಿ ಕೂದಲನ್ನು ಬಿಗಿಯಾಗಿ ಹಿಡಿದರೆ ಎಳೆತ ಬುಡಕ್ಕೆ ತಟ್ಟದು. ಮುಗಿದ ಭಾಗವನ್ನು ಸಡಿಲವಾಗಿ ತಿರುಚಿ ಕ್ಲಿಪ್ ಹಾಕಿ, ಇಲ್ಲದಿದ್ದರೆ ಪಕ್ಕದ ಭಾಗದ ಜೊತೆ ಮತ್ತೆ ಸಿಕ್ಕಾಗುತ್ತದೆ.

ಕೈಗೆ ಬಂದ ಕೂದಲಿನ ಉಂಡೆ ನೋಡಿ ಹೆದರಬೇಡಿ. ದಿನಕ್ಕೆ 50ರಿಂದ 100 ಎಳೆ ಉದುರುವುದು ಸಹಜ. ನೇರ ಕೂದಲಲ್ಲಿ ಅದು ದಿನವೂ ನೆಲಕ್ಕೆ ಬೀಳುತ್ತದೆ, ಗುಂಗುರಿನಲ್ಲಿ ಸುರುಳಿಗಳ ನಡುವೆ ನಿಂತು ತೊಳೆಯುವ ದಿನ ಒಟ್ಟಿಗೆ ಬರುತ್ತದೆ. ಎಳೆಯ ಒಂದು ತುದಿಯಲ್ಲಿ ಸಣ್ಣ ಬಿಳಿ ಗೆಡ್ಡೆ ಇದ್ದರೆ ಅದು ತಾನಾಗಿ ಉದುರಿದ್ದು. ಗೆಡ್ಡೆಯಿಲ್ಲದ ಗಿಡ್ಡ ತುಂಡುಗಳೇ ಹೆಚ್ಚಿದ್ದರೆ ಮುರಿಯುತ್ತಿದೆ ಎಂದರ್ಥ, ಆಗ ಕೈಯನ್ನೋ ಬಾಚಣಿಗೆಯನ್ನೋ ಅನುಮಾನಿಸಿ.

ಒಂಟಿ ಎಳೆ ತನಗೆ ತಾನೇ ಹಾಕಿಕೊಂಡ ಗಂಟನ್ನು ಬಿಚ್ಚಲು ಕೂರಬೇಡಿ. ಗಂಟಿನ ಸ್ವಲ್ಪ ಮೇಲೆ ಹರಿತ ಕತ್ತರಿಯಿಂದ ಆ ಎಳೆಯನ್ನಷ್ಟೇ ಕತ್ತರಿಸಿ. ಕಾಗದ ಕತ್ತರಿಸುವ ಮೊಂಡು ಕತ್ತರಿ ಬೇಡ, ತುದಿ ಜಜ್ಜಿ ಕವಲೊಡೆಯುತ್ತದೆ.

ಪಿಹೆಚ್_ಐದೂವರೆ

ಸ್ಟ್ರೈಟನಿಂಗ್ ಆಗಿರುವ ಭಾಗಕ್ಕೆ ಏನು ಹಚ್ಚಿದರೆ ಗುಂಗುರು ವಾಪಸು ಬರುತ್ತದೆ ಎಂದು ಪದೇ ಪದೇ ಕೇಳುತ್ತಾರೆ. ಬರುವುದಿಲ್ಲ. ಸೋಡಿಯಂ ಹೈಡ್ರಾಕ್ಸೈಡಿನಂಥ ಕ್ಷಾರದ ರಿಲ್ಯಾಕ್ಸರುಗಳ (ಕೂದಲು ನೇರ ಮಾಡುವ ಕ್ರೀಮುಗಳ) ಪಿಹೆಚ್, ಅಂದರೆ ಹುಳಿ-ಕ್ಷಾರದ ಅಳತೆ, 12ರಿಂದ 14. ಅವು ಕೂದಲಿನ ಪ್ರೋಟೀನಾದ ಕೆರಾಟಿನ್ನಿನ ಗಂಧಕ-ಗಂಧಕ ಬಂಧವನ್ನು ಮುರಿದು ಒಂದೇ ಗಂಧಕದ ಬೇರೆ ಬಂಧ ಉಳಿಸುತ್ತವೆ, ಅದು ಹಿಂದಕ್ಕೆ ತಿರುಗದು. ಥಯೋಗ್ಲೈಕೊಲೇಟ್ ಎಂಬ ಇನ್ನೊಂದು ಬಗೆಯ ಸ್ಟ್ರೈಟನಿಂಗ್ ರಾಸಾಯನಿಕದಿಂದ ನೇರ ಮಾಡಿದ್ದೂ ಬೆಳೆದು ಹೋಗಬೇಕಾದ್ದೇ. ಸಾವಧಾನವಾಗಿ ಓದಿ: ಕ್ಷಾರ ಹಾಕಿದ ಕೂದಲಿನ ಮೇಲೆ ಥಯೋಗ್ಲೈಕೊಲೇಟ್, ಅಥವಾ ಅದರ ತಿರುವುಮುರುವು ಹಾಕಿದರೆ ಕೂದಲು ಬುಡದ ಬಳಿಯೇ ತುಂಡಾಗಿ ಬರಬಹುದು.

ಉಳಿದದ್ದು ಎರಡು ದಾರಿ. ನೇರವಾಗಿರುವುದನ್ನೆಲ್ಲ ಒಮ್ಮೆಗೇ ಕತ್ತರಿಸುವುದು, ಇಲ್ಲವೇ ಬೆಳೆಸುತ್ತಾ ಬೆಳೆಸುತ್ತಾ ಕತ್ತರಿಸುವುದು. ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂ.ಮೀ., ಅಂದರೆ 12 ಸೆಂ.ಮೀ. ಗುಂಗುರು ಬೇಕಾದರೆ ವರ್ಷ ಕಾಯಬೇಕು. ಬೆಳೆಸುವ ದಾರಿ ಹಿಡಿದವರು ಆರರಿಂದ ಎಂಟು ವಾರಕ್ಕೊಮ್ಮೆ ಒಂದೆರಡು ಸೆಂ.ಮೀ. ಕತ್ತರಿಸುತ್ತಾ ಬರಲಿ. ಹೊಸ ಗುಂಗುರು ಮತ್ತು ಹಳೆಯ ನೇರ ಭಾಗ ಸೇರುವ ಗೆರೆಯೇ ಅತ್ಯಂತ ದುರ್ಬಲ, ಮುರಿಯುವುದೆಲ್ಲ ಅಲ್ಲೇ. ಆ ಗೆರೆ ದಾಟುವಾಗ ಬಾಚಣಿಗೆ ಬಿಟ್ಟು ಬೆರಳಷ್ಟೇ ಬಳಸಿ.

ಸ್ಮೂದನಿಂಗ್ 'ಸೌಮ್ಯ' ಎಂದು ನಂಬಿ ಮರಳುವವರಿಗೆ ಒಂದು ಮಾತು. ಕೆಲವು ಸ್ಮೂದನಿಂಗ್ ದ್ರವಗಳ ಲೇಬಲಿನಲ್ಲಿ ಮಿಥೈಲೀನ್ ಗ್ಲೈಕಾಲ್ ಎಂದಿರುತ್ತದೆ, ಸ್ಟ್ರೈಟನರಿನ ಬಿಸಿ ತಾಗಿದಾಗ ಅದರಿಂದ ಹೊರಡುವುದು ಫಾರ್ಮಾಲ್ಡಿಹೈಡ್. ಸ್ಟ್ರೈಟನಿಂಗ್ ಬಗ್ಗೆ 2022ರಲ್ಲಿ ಪ್ರಕಟವಾದ ಅಮೆರಿಕದ ಸಿಸ್ಟರ್ ಸ್ಟಡಿ ಎಂಬ ಅಧ್ಯಯನ ಸುಮಾರು 33,500 ಮಹಿಳೆಯರನ್ನು ಹನ್ನೊಂದು ವರ್ಷದಷ್ಟು ಗಮನಿಸಿತ್ತು. ಸ್ಟ್ರೈಟನಿಂಗ್ ಉತ್ಪನ್ನವನ್ನೇ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು 1.64 ಶೇಕಡಾ, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ 4.05 ಶೇಕಡಾ. ಅದು ನಂಟನ್ನು ತೋರಿಸುತ್ತದೆ, ಕಾರಣವನ್ನು ಸಾಬೀತು ಮಾಡುವುದಿಲ್ಲ. ಆದರೂ ಬಿಡಲು ಮನಸ್ಸು ಮಾಡಿದವರು ಇದನ್ನು ತಿಳಿದಿರಬೇಕು.

ಇನ್ನು ಅಡುಗೆ ಸೋಡಾ, ನಿಂಬೆರಸ. ಸೋಡಾ ಕ್ಷಾರ, ಹೊರಪದರವನ್ನು ಎಬ್ಬಿಸಿ ಕೂದಲನ್ನು ಒರಟಾಗಿಸುತ್ತದೆ. ನಿಂಬೆರಸದ ಪಿಹೆಚ್ 2ರ ಆಸುಪಾಸು, ನೆತ್ತಿಯ ಪಿಹೆಚ್ ಸುಮಾರು 5.5. ಸೋಡಾ ಹಾಕಿ ಆಮೇಲೆ ಹುಳಿ ಹಾಕಿದರೆ ಸಮವಾಗುತ್ತದೆ ಎಂಬ ಲೆಕ್ಕ ಕೂದಲಿಗೆ ನಡೆಯದು, ಎರಡು ಏಟು ಬಿದ್ದಿರುತ್ತದೆ ಅಷ್ಟೇ. ಮನೆಯಲ್ಲಿ ಮಾಡಿದ್ದೆಲ್ಲ ಸೌಮ್ಯವಲ್ಲ.

ಹಿಂಬದಿಲೇಬಲ್

ಸಲ್ಫೇಟ್ (ಜೋರಾಗಿ ನೊರೆ ಬರಿಸಿ ಜಿಡ್ಡು ತೆಗೆಯುವ ಘಟಕ) ಇರುವ ಶಾಂಪೂ ಪೂರ್ತಿ ನಿಷೇಧ ಎನ್ನುವವರ ಜೊತೆ ನನ್ನ ಜಗಳವಿದೆ. ಸೋಡಿಯಂ ಲಾರಿಲ್ ಸಲ್ಫೇಟ್ ಪ್ರತಿ ಸಲವೂ ಬೇಡ, ಒಪ್ಪುತ್ತೇನೆ. ಆದರೆ ಬರೀ ಕಂಡೀಷನರಿನಲ್ಲಿ ತೊಳೆಯುತ್ತಾ ಜೆಲ್, ಬೆಣ್ಣೆಯಂಥ ಗಟ್ಟಿ ಕ್ರೀಮು, ಎಣ್ಣೆ ಪದರ ಪದರವಾಗಿ ಹಚ್ಚಿದವರಿಗೆ ಎಂಟು ಹತ್ತು ವಾರದಲ್ಲಿ ಕೂದಲು ಏನು ಹಾಕಿದರೂ ಒಣಗೇ ಇರುತ್ತದೆ. ನೀರು ಒಳಗೆ ಹೋಗಲು ದಾರಿಯಿಲ್ಲ. ತಿಂಗಳಿಗೊಮ್ಮೆ ಸಲ್ಫೇಟ್ ಇರುವ ಖಡಕ್ ಶಾಂಪೂ, ಉಳಿದ ವಾರ ಕೊಕಾಮಿಡೊಪ್ರೊಪೈಲ್ ಬೀಟೈನ್, ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್, ಡೆಸಿಲ್ ಗ್ಲುಕೊಸೈಡ್ ಇರುವ ಮೃದು ಶಾಂಪೂ. ಇದೇ ನೇರ ದಾರಿ.

ಡೈಮೆಥಿಕೋನ್ ಎಂಬ ಸಿಲಿಕೋನು ಇದ್ದರೆ ಬಿಸಾಡಿ ಎನ್ನುವುದೂ ಅತಿ. ಸಿಲಿಕೋನು ಎಳೆಗಳ ನಡುವಿನ ಉಜ್ಜಾಟ ತಗ್ಗಿಸುತ್ತದೆ, ಅರ್ಧ ನೇರ ಅರ್ಧ ಗುಂಗುರು ಇರುವವರಿಗೆ ಅದು ಉಪಕಾರವೇ. ನೀರಲ್ಲಿ ಕರಗದ ಸಿಲಿಕೋನನ್ನು ಹಚ್ಚುತ್ತಾ, ಅದನ್ನು ತೆಗೆಯುವ ಶಾಂಪೂ ಬಳಸದಿದ್ದರೆ ಮಾತ್ರ ಅದು ಕೂಡಿಕೊಳ್ಳುತ್ತದೆ.

ಲೇಬಲಿನಲ್ಲಿ ಬೆಹೆನ್‌ಟ್ರಿಮೋನಿಯಂ ಮಿಥೋಸಲ್ಫೇಟ್ ನೋಡಿ ಕಂಡೀಷನರ್ ವಾಪಸಿಟ್ಟವರಿದ್ದಾರೆ. ಅದು ನೊರೆ ಬರಿಸುವ ಸಲ್ಫೇಟಲ್ಲ, ಸಿಕ್ಕು ಬಿಡಿಸಲು ಇರುವ ಅತ್ಯುತ್ತಮ ಘಟಕಗಳಲ್ಲೊಂದು. ಹಾಗೆಯೇ ಸೀಟೈಲ್, ಸೀಟಿಯರಿಲ್ ಆಲ್ಕೋಹಾಲ್ ಮೇಣದಂಥವು, ಮೃದು ಮಾಡುತ್ತವೆ. ಒಣಗಿಸುವುದು ಈಥೈಲ್ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್, ಅವು ಪಟ್ಟಿಯ ಮೊದಲ ಐದರಲ್ಲಿದ್ದರೆ ಬಿಡಿ.

ಸುರುಳಿಎಳೆ

ಹಿಂಬದಿಲೇಬಲ್ ಅವರೇ, ತಿಂಗಳಿಗೊಮ್ಮೆ ಎಂಬುದಕ್ಕೆ ಅರ್ಧ ಒಪ್ಪಿಗೆ. ಬಿಗಿ ಸುರುಳಿಯಲ್ಲಿ, ಹಚ್ಚುವುದೇ ಎರಡು ಪದಾರ್ಥವಾದರೆ ಆರು ವಾರಕ್ಕೂ ಎಳೆಯಬಹುದು. ಕ್ಯಾಲೆಂಡರ್ ನೋಡಿ ಅಲ್ಲ, ನೀರು ಕೂದಲಿನ ಮೇಲೆ ಮುತ್ತಾಗಿ ನಿಲ್ಲತೊಡಗಿದಾಗ ಬಳಸಿ.

ತೇವಬಲ್ಲೆ

ಎಣ್ಣೆಯ ಬಗ್ಗೆ ಯಾರೂ ಬಿಡಿಸಿ ಹೇಳಿಲ್ಲ. ಎಣ್ಣೆ ತೇವಾಂಶವಲ್ಲ. ತೇವಾಂಶವೆಂದರೆ ನೀರು. ಒಣ ಕೂದಲಿಗೆ ಎಣ್ಣೆ ಹಚ್ಚಿದರೆ ಹೊಳಪು ಬರುತ್ತದೆ, ಒಣಕಲುತನ ಒಳಗೇ ಉಳಿಯುತ್ತದೆ.

ಎಣ್ಣೆಗೆ ನಿಜವಾದ ಕೆಲಸ ತಲೆಸ್ನಾನಕ್ಕೆ ಮುಂಚೆ. ಕೊಬ್ಬರಿ ಎಣ್ಣೆಯ ಮುಖ್ಯ ಕೊಬ್ಬಿನಾಮ್ಲ ಲಾರಿಕ್ ಆಮ್ಲ. ಅದರ ಅಣು ಚಿಕ್ಕದು, ನೇರ ಸರಪಳಿಯದು, ಎಳೆಯ ಒಳಗೆ ಇಳಿಯುತ್ತದೆ. ಖನಿಜ ತೈಲ, ಸೂರ್ಯಕಾಂತಿ ಎಣ್ಣೆಗಳ ಜೊತೆ ಹೋಲಿಸಿ 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೊಳೆಯುವಾಗ ಪ್ರೋಟೀನ್ ನಷ್ಟ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಭುಜದುದ್ದಕ್ಕೆ ಎರಡು ಮೂರು ಟೀ ಚಮಚ, ಕಿವಿಯ ಮಟ್ಟದಿಂದ ತುದಿಯವರೆಗೆ, ತೊಳೆಯುವ ಒಂದೆರಡು ಗಂಟೆ ಮೊದಲು. ಕೈಯಿಂದ ಹಿಂಡಿದರೆ ಎಣ್ಣೆ ತೊಟ್ಟಿಕ್ಕುವಷ್ಟು ಹಚ್ಚಿದರೆ ತೆಗೆಯಲು ಎರಡು ಸಲ ಶಾಂಪೂ ಬೇಕು, ಲಾಭವೆಲ್ಲ ಅಲ್ಲೇ ಹೋಯಿತು. ಕೆಲವರ ಕೂದಲು ಕೊಬ್ಬರಿ ಎಣ್ಣೆಗೆ ಸೆಟೆದುಕೊಳ್ಳುತ್ತದೆ, ಅಂಥವರು ಬಿಟ್ಟುಬಿಡಿ.

ಹರಳೆಣ್ಣೆ ತೀರಾ ಅಂಟು. ಬೇಕೇ ಬೇಕೆಂದರೆ ಒಂದು ಪಾಲಿಗೆ ಮೂರು ಪಾಲು ತೆಳು ಎಣ್ಣೆ ಬೆರೆಸಿ. ಅದನ್ನು ಹಾಗೇ ಮೆತ್ತಿ, ತಲೆ ಮೇಲೆ ಗುಡ್ಡೆ ಹಾಕಿ ಉಜ್ಜಿದಾಗ ಇಡೀ ಕೂದಲು ಒಂದೇ ಗಂಟಾಗಿ ಕತ್ತರಿಸಬೇಕಾಗಿ ಬಂದ ಪ್ರಕರಣಗಳು ಚರ್ಮವೈದ್ಯಕೀಯದಲ್ಲಿ ದಾಖಲಾಗಿವೆ. ಟೀ ಟ್ರೀ ಮೊದಲಾದ ಸುಗಂಧ ತೈಲಗಳನ್ನು ನೇರ ನೆತ್ತಿಗೆ ಹಚ್ಚಬೇಡಿ, 30 ಮಿ.ಲೀ. ಎಣ್ಣೆಗೆ ಆರು ಹನಿ ಸಾಕು.

ಹೊಸಚಿಗುರು

ಪೊರಾಸಿಟಿ (ಕೂದಲು ನೀರು ಹೀರುವ ಗುಣ) ನೋಡಲು ಲೋಟದ ನೀರಲ್ಲಿ ಎಳೆ ಹಾಕುವ ಪರೀಕ್ಷೆಯನ್ನು ನಂಬಬಹುದೇ? ಪ್ರೋಟೀನ್ ಮಾಸ್ಕ್ ಯಾವಾಗ ಬೇಕು?

ತೇವಬಲ್ಲೆ

ಲೋಟದ ಪರೀಕ್ಷೆ ಬೇಡ. ಎಳೆಯ ಮೇಲೆ ಚೂರು ಎಣ್ಣೆ, ಒಂದು ಗಾಳಿಗುಳ್ಳೆ ಇದ್ದರೂ ತೇಲುತ್ತದೆ. ತೊಳೆದು ಏನೂ ಹಚ್ಚದ ಕೂದಲು ನೆನೆಯಲು, ಒಣಗಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ನೆನೆಯಲು ನಿಧಾನ, ಒಣಗಲು ಅರ್ಧ ದಿನವಾದರೆ ಹೊರಪದರ ಬಿಗಿಯಾಗಿದೆ: ತೆಳು ಲೀವ್-ಇನ್ ಸಾಕು, ಕಂಡೀಷನರ್ ಹಚ್ಚಿ ಬೆಚ್ಚಗಿನ ಟವೆಲು ಸುತ್ತಿದರೆ ಒಳ್ಳೆಯದು. ತಟ್ಟನೆ ನೆಂದು ತಟ್ಟನೆ ಒಣಗಿದರೆ ಹೊರಪದರ ಸವೆದಿದೆ, ಬಣ್ಣ ಹಾಕಿದ ಕೂದಲು ಹೀಗೆಯೇ. ಅದಕ್ಕೆ ಗಟ್ಟಿ ಕ್ರೀಮೂ ಬೇಕು, ಪ್ರೋಟೀನೂ ಬೇಕು.

ಪ್ರೋಟೀನಿಗೆ ಒದ್ದೆ ಎಳೆಯ ಪರೀಕ್ಷೆ. ಒಂದು ಎಳೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಆರೋಗ್ಯವಂತ ಒದ್ದೆ ಎಳೆ ಸುಮಾರು ಮೂರನೇ ಒಂದು ಪಾಲಿನವರೆಗೆ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಹಿಗ್ಗುತ್ತಲೇ ಹೋಗಿ ವಾಪಸು ಬಾರದೆ ಹರಿದರೆ ಹೈಡ್ರೊಲೈಸ್ಡ್ (ಸಣ್ಣ ತುಂಡಾಗಿ ಒಡೆದ) ಕೆರಾಟಿನ್ ಅಥವಾ ಗೋಧಿ ಪ್ರೋಟೀನ್ ಇರುವ ಮಾಸ್ಕ್, ನಾಲ್ಕರಿಂದ ಆರು ವಾರಕ್ಕೊಮ್ಮೆ. ಹಿಗ್ಗದೆಯೇ ಪಟ್ಟನೆ ಮುರಿದರೆ, ಕೂದಲು ಹುಲ್ಲುಕಡ್ಡಿಯಾಗಿದ್ದರೆ, ಎರಡು ಮೂರು ತಲೆಸ್ನಾನ ಪ್ರೋಟೀನ್ ನಿಲ್ಲಿಸಿ ಬರೀ ಕಂಡೀಷನರ್. ಮೊಟ್ಟೆ, ಮೊಸರು ಮೆತ್ತುವುದರಿಂದ ಈ ಕೆಲಸ ಆಗದು. ಅವುಗಳ ಪ್ರೋಟೀನ್ ಅಣು ದೊಡ್ಡದು, ಒಳಗಿಳಿಯುವುದಿಲ್ಲ.

ಮಾಸ್ಕ್ 20-30 ನಿಮಿಷ ಸಾಕು. ರಾತ್ರಿಯಿಡೀ ಒದ್ದೆ ಕೂದಲು ಕಟ್ಟಿಕೊಂಡು ಮಲಗುವುದರಿಂದ ಹೆಚ್ಚುವರಿ ಲಾಭವೇನೂ ಇಲ್ಲ.

ಅಗಲಹಲ್ಲು

ಮನೆಯಲ್ಲೇ ಜೆಲ್ ಮಾಡುವವರಿಗೆ ಅಗಸೆ ಬೀಜದ ಅಳತೆ. ಕಾಲು ಕಪ್ ಬೀಜ, ಅಂದರೆ ಸುಮಾರು 40 ಗ್ರಾಂ, ಅರ್ಧ ಲೀಟರ್ ನೀರು. ಮಧ್ಯಮ ಉರಿಯಲ್ಲಿ ತಳ ಹಿಡಿಯದಂತೆ ತಿರುವುತ್ತಾ ಏಳರಿಂದ ಹತ್ತು ನಿಮಿಷ. ಚಮಚ ಎತ್ತಿದಾಗ ದ್ರವ ಎಳೆಎಳೆಯಾಗಿ ಇಳಿಯತೊಡಗಿದ ಕೂಡಲೇ ಉರಿ ಆರಿಸಿ, ಬಿಸಿ ಇರುವಾಗಲೇ ತೆಳು ನೈಲಾನ್ ಬಟ್ಟೆಯಲ್ಲಿ ಸೋಸಿ. ಆರಲು ಬಿಟ್ಟರೆ ಬೀಜದಿಂದ ಜೆಲ್ ಬಿಡುವುದೇ ಇಲ್ಲ. ಹೆಚ್ಚು ಕುದಿಸಿದರೂ ಅದೇ ಗತಿ. ಫ್ರಿಜ್ಜಿನಲ್ಲಿ ಒಂದು ವಾರ, ವಾಸನೆ ಬದಲಾದರೆ ಅದಕ್ಕೂ ಮೊದಲೇ ಚೆಲ್ಲಿ. ಲೋಳೆಸರದ ನೀರು ತುಂಬಿದ ಸ್ಪ್ರೇ ಬಾಟಲಿಗೂ ಇದೇ ನಿಯಮ: ಸಂರಕ್ಷಕ ಇಲ್ಲದ, ನೀರಿರುವ ಯಾವುದರಲ್ಲೂ ಬೂಷ್ಟು ಬರುತ್ತದೆ.

ಹೊಸಚಿಗುರು

ಜೆಲ್ ಒಣಗಿದ ಮೇಲೆ ಬಿಳಿ ಪುಡಿ ಉದುರುತ್ತದೆ. ಹೊಟ್ಟಲ್ಲ, ನೆತ್ತಿ ಶುಭ್ರವಾಗಿದೆ.

ಹಿಂಬದಿಲೇಬಲ್

ಲೀವ್-ಇನ್ ಮತ್ತು ಜೆಲ್ ಹೊಂದುತ್ತಿಲ್ಲ. ಅಂಗೈಯಲ್ಲಿ ಎರಡನ್ನೂ ಒಂದೊಂದು ಹನಿ ಹಾಕಿ ಕಲಸಿ. ನುಣ್ಣಗೆ ಬೆರೆತರೆ ಸರಿ, ಗಂಟುಗಂಟಾಗಿ ಒಡೆದರೆ ಆ ಜೋಡಿ ಬೇಡ. ಜೋಡಿ ಹೊಂದಿಯೂ ಪುಡಿ ಬಂದರೆ ಜೆಲ್ ಜಾಸ್ತಿಯಾಗಿದೆ, ಅಥವಾ ಕೂದಲು ಅರೆ ಒಣಗಿದ ಮೇಲೆ ಹಚ್ಚುತ್ತಿದ್ದೀರಿ. ಬದಲಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮೂರು ತಲೆಸ್ನಾನ ನೋಡಿ. ಐದು ಡಬ್ಬಿ ಒಟ್ಟಿಗೆ ಕೊಂಡರೆ ಯಾವುದು ಕೆಡಿಸಿತು ಎಂದು ಗೊತ್ತಾಗುವ ಬಗೆ ಹೇಗೆ?

ಲೇಬಲಿನಲ್ಲಿ ಗ್ಲಿಸರಿನ್ ಮೊದಲ ಮೂರರಲ್ಲಿದ್ದರೆ ಹವೆ ನೋಡಿ ಬಳಸಿ. ತೀರಾ ತೇವದ ಹವೆಯಲ್ಲಿ ಅದು ಗಾಳಿಯ ನೀರೆಳೆದು ಕೂದಲನ್ನು ಉಬ್ಬಿಸುತ್ತದೆ.

ಪಿಹೆಚ್_ಐದೂವರೆ

ಎಲ್ಲ ಸರಿಯಿದ್ದೂ ಕೂದಲು ಒರಟಾಗಿ, ಮಂಕಾಗಿ ಇದ್ದರೆ ನೀರನ್ನು ನೋಡಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಳೆಯ ಮೇಲೆ ಕೂರುತ್ತವೆ, ಮಾಮೂಲಿ ಶಾಂಪೂಗೆ ಬಗ್ಗುವುದಿಲ್ಲ. ಇಡಿಟಿಎ ಇರುವ, ಕೀಲೇಟಿಂಗ್ (ಖನಿಜ ಹಿಡಿದು ತೆಗೆಯುವ) ಎಂದು ಬರೆದ ಶಾಂಪೂ ಮೂರು ನಾಲ್ಕು ವಾರಕ್ಕೊಮ್ಮೆ, ಅದರ ಬೆನ್ನಿಗೇ ಮಾಸ್ಕ್. ಷವರಿಗೆ ಸಿಕ್ಕಿಸುವ ಸಾಮಾನ್ಯ ಫಿಲ್ಟರು ಕ್ಲೋರಿನ್ ತಗ್ಗಿಸಬಹುದು, ಗಡಸುತನ ತೆಗೆಯದು. ಸೇಬಿನ ವಿನೆಗರ್ ತಿಂಗಳಿಗೊಂದೆರಡು ಸಲ ಪರವಾಗಿಲ್ಲ, ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ಆಮೇಲೆ ಚೆನ್ನಾಗಿ ತೊಳೆಯಬೇಕು. ನೆತ್ತಿಯಲ್ಲಿ ಗಾಯವಿದ್ದರೆ ಬೇಡ.

ಬಿಸಿಯ ಬಗ್ಗೆ: ಡಿಫ್ಯೂಸರ್ (ಡ್ರೈಯರಿನ ಬಾಯಿಗೆ ಸಿಕ್ಕಿಸಿ ಗಾಳಿ ಹರಡುವ ಬಟ್ಟಲು) ಕಡಿಮೆ ಶಾಖದಲ್ಲಿ ಸರಿ. ಸ್ಟ್ರೈಟನರ್ ಹಿಡಿಯಲೇಬೇಕಾದರೆ ಪೂರ್ತಿ ಒಣಗಿದ ಕೂದಲಿಗೆ, ಶಾಖ ತಡೆವ ಸ್ಪ್ರೇ ಹಾಕಿ, 180 ಡಿಗ್ರಿ ಸೆಲ್ಸಿಯಸ್ ಮೀರದಂತೆ, ಒಂದು ಭಾಗಕ್ಕೆ ಒಂದೇ ಸಲ. ಒದ್ದೆ ಎಳೆಗೆ ಹಿಡಿದರೆ ಒಳಗಿನ ನೀರು ಕುದಿದು ಎಳೆಯೊಳಗೆ ಗುಳ್ಳೆ ಏಳುತ್ತದೆ, ಅಲ್ಲೇ ಮುರಿಯುತ್ತದೆ. ಬಿಸಿಯಿಂದ ಕಳೆದುಹೋದ ಸುರುಳಿ ಆ ಎಳೆಯಲ್ಲಿ ಮರಳುವುದಿಲ್ಲ.

ನೆತ್ತಿಮೊದಲು

ರಾತ್ರಿಗೆ ಸ್ಯಾಟಿನ್ ಟೋಪಿ ಅಥವಾ ದಿಂಬಿನ ಚೀಲ. ಉದ್ದವಿದ್ದರೆ ನೆತ್ತಿಯ ಮೇಲೆ ಸಡಿಲ ಗುಚ್ಛ, ಬಿಗಿ ಸುರುಳಿಯಾದರೆ ನಾಲ್ಕರಿಂದ ಎಂಟು ಸಡಿಲ ಜಡೆ. ಬೆಳಿಗ್ಗೆ ಸ್ಪ್ರೇ ಬಾಟಲಿಯಿಂದ ಕೆದರಿದ ಕಡೆ ಮಾತ್ರ ನೀರು.

ಸಣ್ಣ ಜಡೆಗಳನ್ನು ಹಾಕಿಸಿ ವಾರಗಟ್ಟಲೆ ಬಿಡುವವರು ಹಣೆಯಂಚನ್ನು ಕಾಯಿರಿ. ಹೆಣೆದ ಮೇಲೆ ನೋಯಬಾರದು. ನೋವು, ಬುಡದಲ್ಲಿ ಸಣ್ಣ ಗುಳ್ಳೆ, ಚರ್ಮ ಎಳೆದು ನಿಂತಂತೆ ಕಾಣುವುದು, ಇವು ಅಂದೇ ಬಿಚ್ಚಬೇಕು ಎಂಬುದರ ಗುರುತು. 'ಎರಡು ದಿನದಲ್ಲಿ ಸಡಿಲವಾಗುತ್ತದೆ' ಎಂದು ಮಾತ್ರೆ ನುಂಗಿ ತಡೆದುಕೊಳ್ಳುವುದು ಬೇಡವೇ ಬೇಡ. ಆರರಿಂದ ಎಂಟು ವಾರ ಮೀರಿ ಇಡಬೇಡಿ, ಮುಂದಿನದಕ್ಕೆ ಮೊದಲು ಒಂದೆರಡು ವಾರ ಬಿಡುವು ಕೊಡಿ, ನಡುವೆ ನೆತ್ತಿ ತೊಳೆಯುತ್ತಿರಿ. ಎಳೆತದಿಂದ ಉದುರಿದ್ದು ಬೇಗ ನಿಲ್ಲಿಸಿದರೆ ಮತ್ತೆ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಬುಡವೇ ಗಾಯದ ಕಲೆಯಾಗಿ ಮುಚ್ಚುತ್ತದೆ.

ನಡುನೆತ್ತಿ ವೃತ್ತಾಕಾರವಾಗಿ ತೆಳ್ಳಗಾಗುತ್ತಾ, ಉರಿ ಅಥವಾ ನವೆಯೊಂದಿಗೆ ಚರ್ಮ ನುಣುಪಾಗಿ ಹೊಳೆಯತೊಡಗಿದರೆ ಎಣ್ಣೆ, ಮಾಸ್ಕ್ ಹುಡುಕುತ್ತಾ ಕೂರಬೇಡಿ. ಅದು ಕಲೆಗಟ್ಟಿಸುವ ಕೂದಲುದುರುವಿಕೆ ಇರಬಹುದು, ಮುಚ್ಚಿದ ಬುಡ ಮತ್ತೆ ತೆರೆಯದು. ಚರ್ಮವೈದ್ಯರ ಬಳಿ ಆ ವಾರವೇ ಹೋಗಿ, ಹೋಗುವಾಗ ಜಡೆ ಬಿಚ್ಚಿ, ಏನೂ ಹಚ್ಚದೆ ಹೋಗಿ. ಹಿಂದೆ ಮಾಡಿಸಿದ ಸ್ಟ್ರೈಟನಿಂಗಿನ ವಿವರ, ಈಗ ಹಚ್ಚುತ್ತಿರುವ ಡಬ್ಬಿಗಳ ಫೋಟೋ ಜೊತೆಗಿರಲಿ.